ವನಜಳ ಎಡಗಿವಿ

ನಮ್ಮ ಊರಿನ ಸತ್ತವರೆಲ್ಲ ಚೆಲುವರು. ಬದುಕಿರುವವರನ್ನು ನೋಡಿದರೆ ಈ ಮಾತು ನಂಬುವುದು ಕಷ್ಟ. ಮಾರುಕಟ್ಟೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ: ಮೆಳ್ಳೆಗಣ್ಣು, ಉಬ್ಬುಹಲ್ಲು, ಸಿಡುಬಿನ ಕಲೆ, ಮೂಗಿಗಿಂತ ಮುಂದೆ ಬಂದ ಗದ್ದ, ಏನು ಬೇಕೋ ಎಲ್ಲ ಸಿಗುತ್ತದೆ. ಆಮೇಲೆ ಯಾರದಾದರೂ ಮನೆಯೊಳಗೆ ಹೋಗಿ, ಗೋಡೆಯ ಗೂಡಿನಲ್ಲಿ ಸಾಲಾಗಿ ನಿಂತ ಹೆಬ್ಬೆರಳೆತ್ತರದ ಗೊಂಬೆಗಳನ್ನು ನೋಡಿ. ಒಬ್ಬ ಮುತ್ತಾತನಿಗೂ ಮೆಳ್ಳೆಗಣ್ಣಿಲ್ಲ, ಒಬ್ಬ ಅಜ್ಜಿಯ ಹಲ್ಲೂ ತುಟಿ ದಾಟಿಲ್ಲ. ಅವರನ್ನೆಲ್ಲ ಮಾಡಿದವಳು ನಾನು. ನನಗಿಂತ ಮುಂಚಿನವರನ್ನು ಮಾಡಿದವಳು ನನ್ನ ಸೋದರತ್ತೆ ಮಾದೇವಮ್ಮ.

ಸತ್ತವರ ಮೇಲೆ ಮೊದಲ ಹಿಡಿ ಮಣ್ಣು ಬಿದ್ದ ಕೂಡಲೇ ನಮ್ಮ ಊರಿನಲ್ಲಿ ಅವರ ಮುಖ ಎಲ್ಲರಿಗೂ ಮರೆತುಹೋಗುತ್ತದೆ. ಹೆಸರು ಉಳಿಯುತ್ತದೆ, ಆಡಿದ ಮಾತು ಉಳಿಯುತ್ತದೆ, ಬೈದದ್ದು ಬಡಿಸಿದ್ದು ಎಲ್ಲ ಉಳಿಯುತ್ತದೆ. ಮುಖ ಮತ್ತು ಮುಖದ ಮೇಲಿದ್ದದ್ದು ಮಾತ್ರ ಹೋಗುತ್ತದೆ. ಫೋಟೋದಲ್ಲೂ ಅಷ್ಟೆ. ಸೀರೆಯ ಅಂಚು, ಕೈಯ ಬಳೆ ಎಲ್ಲ ಇದ್ದ ಹಾಗೇ ಇದ್ದು, ಕತ್ತಿನಿಂದ ಮೇಲಕ್ಕೆ ಬೂದಿ ಬಳಿದ ಹಾಗಾಗುತ್ತದೆ. ಸ್ಟುಡಿಯೋ ಇಟ್ಟಿದ್ದವನು ಈಗ ಅದೇ ಅಂಗಡಿಯಲ್ಲಿ ಸೋಡಾ ಮಾರುತ್ತಾನೆ. ಆದ್ದರಿಂದ ದೇಹ ಮನೆಯಲ್ಲಿರುವಾಗಲೇ ಗೊಂಬೆ ಆಗಬೇಕು. ಸಾವಾದ ಮನೆಯವರು ಮೊದಲು ಹೇಳಿಕಳಿಸುವುದು ಚಟ್ಟ ಕಟ್ಟುವವನಿಗಲ್ಲ, ನನಗೆ.

ಗೊಂಬೆಗೆ ಬೇಕಾದ ಪುಟ್ಟಿ, ಅಂದರೆ ಆರಿದರೆ ಕಲ್ಲಾಗುವ ಮೇಣದಂಥ ಹಿಟ್ಟು, ಎರಡು ಉಂಡೆಯಾಗಿರುತ್ತದೆ, ಒಂದು ಹಳದಿ, ಒಂದು ನೀಲಿ. ಎರಡನ್ನೂ ಸೇರಿಸಿ ನಾದಿದರೆ ಹಸಿರಾಗುತ್ತದೆ. ನಾದಿದ ಕೂಡಲೇ ಕೈ ಹಾಕಿದರೆ ಸೂಜಿಗೆ ಅಂಟಿಕೊಂಡು ಬರುತ್ತದೆ, ತಡಮಾಡಿದರೆ ಬಿರುಕು ಬಿಡುತ್ತದೆ, ಇನ್ನೂ ತಡಮಾಡಿದರೆ ಕಲ್ಲು. ನಡುವೆ ಒಂದು ಹದವಿದೆ, ಆ ಹದದಲ್ಲಿ ಇಡೀ ಮನುಷ್ಯನನ್ನು ಮುಗಿಸಬೇಕು. ಮೈಯ ತಂತಿಯನ್ನು ಮೊದಲೇ ಬಗ್ಗಿಸಿ ಇಟ್ಟುಕೊಂಡಿರುತ್ತೇನೆ. ತಲೆ ಒಂದು ಕಡಲೆಕಾಳಿನಷ್ಟು. ಕಣ್ಣಿನ ರೆಪ್ಪೆಗೆ ಪುಟ್ಟಿಯನ್ನು ಕೂದಲಿನಷ್ಟು ಸಣ್ಣಗೆ ಹೊಸೆದು, ಒದ್ದೆ ಸೂಜಿಯ ತುದಿಯಲ್ಲಿ ಎತ್ತಿ ಕೂರಿಸಬೇಕು. ತುಟಿ ಬಿಡಿಸುವುದಕ್ಕೆ ಜಾಲಿಮುಳ್ಳು. ಕಿವಿಯೆಂದರೆ ರಾಗಿಕಾಳು, ಅದರಲ್ಲಿ ಸುಳಿ, ತೂತು, ಹಾಲೆ ಎಲ್ಲ ಬರಬೇಕು. ಬಣ್ಣ ಹಚ್ಚುವ ಪದ್ಧತಿ ನಮ್ಮಲ್ಲಿಲ್ಲ. ಬೆಳ್ಳಗಿದ್ದವರು ಕಪ್ಪಗಿದ್ದವರು ಎಲ್ಲರೂ ಗೂಡಿನಲ್ಲಿ ಹಸಿರಾಗಿಯೇ ನಿಂತಿರುತ್ತಾರೆ. ಅದೊಂದರಲ್ಲಿ ಮಾತ್ರ ನಮ್ಮ ಊರಿಗೆ ನ್ಯಾಯ ಗೊತ್ತು.

ನಾನು ಭೂತಗನ್ನಡಿಯ ಕೆಳಗೆ ಕೆಲಸ ಮಾಡುತ್ತಿರುವಾಗ ಮನೆಯವರು ಬಂದು ಹಿಂದೆ ನಿಲ್ಲುತ್ತಾರೆ. "ಅಲ್ಲಿ ಸ್ವಲ್ಪ ಚೆನ್ನಾಗ್ ಮಾಡವ್ವ" ಎನ್ನುತ್ತಾರೆ. ಅಲ್ಲಿ ಎಂದರೆ ಎಲ್ಲಿ ಎಂದು ಯಾರೂ ಹೇಳುವುದಿಲ್ಲ, ಕೇಳುವುದೂ ಇಲ್ಲ. ಸತ್ತವರ ಊನವನ್ನು ಹೆಸರು ಹಿಡಿದು ಕರೆಯುವುದು ನಮ್ಮಲ್ಲಿ ಮರ್ಯಾದೆಯಲ್ಲ. ಕಣ್ಣಾದರೆ ಕಣ್ಣನ್ನು, ಹಲ್ಲಾದರೆ ಹಲ್ಲನ್ನು ನಾನೇ ನೋಡಿ ಸರಿಮಾಡಬೇಕು. "ಮೊಮ್ಮಕ್ಕಳು ಹೆದರ್ಕೋಬಾರ್ದು, ಅಷ್ಟು ನೋಡ್ಕೊ ಸಾಕು" ಎಂದು ಅತ್ತೆ ಹೇಳಿಕೊಟ್ಟಿದ್ದಳು. ಅವಳು ನನಗೆ ಕಲಿಸಿದ್ದು ಒಂದು ಕಣ್ಣು, ಒಂದು ಮೂಗು, ಒಂದು ಕಿವಿ. ಕೊನೆಗೆ ಮನೆಯ ಮೂವರು ದೇಹವನ್ನೂ ಗೊಂಬೆಯನ್ನೂ ನೋಡಿ ತಲೆಯಾಡಿಸಬೇಕು. ಆಡಿಸಿದರೆ ಗೊಂಬೆ ಗೂಡಿಗೆ, ದೇಹ ಮಣ್ಣಿಗೆ. ತಲೆಯಾಡಿಸದೆ ದೇಹವನ್ನು ಎತ್ತಿದರೆ ಆ ಮನೆಯಲ್ಲಿ ಒಬ್ಬರು ಮುಖವೇ ಇಲ್ಲದೆ ಸತ್ತ ಹಾಗೆ, ಅದಕ್ಕಿಂತ ದೊಡ್ಡ ಅವಮಾನ ನಮ್ಮ ಊರಿನಲ್ಲಿಲ್ಲ.

ವನಜ ನನ್ನ ಬೆನ್ನಿಗೆ ಹುಟ್ಟಿದವಳು. ಹಿಟ್ಟಿನ ಗಿರಣಿಯ ಮರಿಸ್ವಾಮಿಗೆ ಕೊಟ್ಟಿದ್ದೆವು. ನೋಡುವವರ ಕಣ್ಣಿಗೆ ಒಳ್ಳೆಯ ಮನೆ. ಮರಿಸ್ವಾಮಿ ಬೀದಿಯಲ್ಲಿ ಹೋಗುವಾಗ ಇರುವೆಯನ್ನೂ ತುಳಿಯದ ಹಾಗೆ ನಡೆಯುವ ಮನುಷ್ಯ. ಮಕ್ಕಳನ್ನು ಕಂಡರೆ ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದುಕೊಡುತ್ತಾನೆ. ಒಂದು ಮಧ್ಯಾಹ್ನ ವನಜ ತಲೆತುಂಬ ಸೆರಗು ಹೊದ್ದುಕೊಂಡು ನನ್ನ ಮನೆಗೆ ಬಂದಳು. ಅರಿಶಿನ ಕೇಳಿದಳು. ಏನಾಯಿತೇ ಎಂದರೆ ಬಾಗಿಲಿನ ಚಿಲಕ ತಗುಲಿತು ಎಂದಳು. ಚಿಲಕ ಎಷ್ಟೆತ್ತರದಲ್ಲಿದೆ, ನೀನು ಎಷ್ಟೆತ್ತರ ಇದ್ದೀಯ ಎಂದು ಕೇಳಿದ್ದಕ್ಕೆ ಎದ್ದು ಹೊರಟುಹೋದಳು. ಅವಳು ಅರಿಶಿನ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಎಲ್ಲಿಗೆ ಹಚ್ಚಿಕೊಂಡಳು ಎಂಬುದು ಈಗ ನೆನಪಿಲ್ಲ. ಅದು ಅವಳ ಮುಖದ ಜೊತೆ ಹೋಯಿತು.

ಅವಳು ಸತ್ತದ್ದು ಜ್ವರದಿಂದ. ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಬೇಸಿಗೆಯ ದಿನ, ಬೆಳಗ್ಗೆಯೇ ಜೀವ ಹೋಗಿತ್ತು. ಅಕ್ಕನಾಗಿ ಅಳುವುದಕ್ಕೆ ಬಂದವಳು ನಾನೇ, ಗೊಂಬೆ ಮಾಡುವುದಕ್ಕೆ ಬಂದವಳೂ ನಾನೇ. ಅಳು ಆಮೇಲೆ ಎಂದುಕೊಂಡು ಪುಟ್ಟಿ ನಾದಿದೆ. ಗಿರಣಿ ನಿಲ್ಲಿಸಿದ್ದರು. ನಡುಮನೆಯಲ್ಲಿ ಅವಳನ್ನು ಮಲಗಿಸಿ, ಹೂ ಮುಡಿಸಿ, ಕುಂಕುಮವಿಟ್ಟು, ಸೆರಗನ್ನು ಎಡಗೆನ್ನೆಯ ಮೇಲೆ ಎಳೆದು ಮುಚ್ಚಿದ್ದರು. ತಲೆಯ ಹತ್ತಿರ ಅವಳ ಅತ್ತೆ ಕೆಂಪನಂಜಮ್ಮ ಕೂತಿದ್ದರು. ನಾನು ಸೆರಗು ಸರಿಸಿದೆ. ಅವರು ಮತ್ತೆ ಎಳೆದರು. ನಾನು ಮತ್ತೆ ಸರಿಸಿ ನೋಡಿದೆ.

"ಅಲ್ಲಿ ಸ್ವಲ್ಪ ಚೆನ್ನಾಗ್ ಮಾಡವ್ವ ಇಂದ್ರಾಣಿ" ಎಂದರು.

ಜನ್ಮದಲ್ಲಿ ಯಾರನ್ನೂ ಕೇಳದ ಮಾತನ್ನು ನಾನು ಅವತ್ತು ಕೇಳಿದೆ. "ಎಲ್ಲಮ್ಮಾ?"

"ನಿಂಗೊತ್ತಿಲ್ವಾ? ಕಿವಿ ತಾವ."

"ಕಿವಿಗೇನಾಗದೆ?"

ಅವರು ಬಾಯಿ ಬಿಡಲಿಲ್ಲ. ಬಿಟ್ಟರೆ ಬಣ್ಣಗೇಡು. ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದ ಮರಿಸ್ವಾಮಿ ಮೆಲ್ಲಗೆ, "ಅಕ್ಕಾ, ಮುಂದಕ್ಕೆ ಈ ಮಗು ನೋಡೋ ಗೊಂಬೆ. ಚೆನ್ನಾಗಿರ್ಲಿ ಅಂತ ಅಮ್ಮ ಹೇಳ್ತಾವ್ರೆ, ಅಷ್ಟೇಯ" ಎಂದ. ಹೇಳುತ್ತಾ ಹೇಳುತ್ತಾ ತನ್ನ ಕಿವಿಯನ್ನು ತಾನೇ ಮುಟ್ಟಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ಮಗು ನೋಡ್ಲಿ ಅಂತ್ಲೇ ಮಾಡ್ತಿರೋದು ಮರಿಸ್ವಾಮಿ" ಎಂದೆ.

ಮೂಗು, ಕಣ್ಣು, ಹಣೆಯ ಬೊಟ್ಟು, ತುರುಬಿನ ಮಲ್ಲಿಗೆ ಮೊಗ್ಗು, ಕೈಬೆರಳಿನ ಉಗುರು ಎಲ್ಲ ಮುಗಿಸಿದೆ. ಎಡಗಿವಿಯನ್ನು ಕೊನೆಗೆ ಉಳಿಸಿಕೊಂಡೆ. ಅದನ್ನು ಮಾಡಿದ್ದು ನನ್ನ ಬೆರಳಿಗೆ ಇವತ್ತಿಗೂ ನೆನಪಿದೆ: ಹಾಲೆಯನ್ನು ಸೂಜಿಯಲ್ಲಿ ತೂತಿನಿಂದ ಕೆಳಗಿನವರೆಗೆ ಸೀಳಿದೆ, ಎರಡು ತುದಿಗಳನ್ನೂ ಸ್ವಲ್ಪ ಹೊರಕ್ಕೆ ತಿರುಗಿಸಿದೆ, ಒಂದು ತುದಿಯನ್ನು ಗಂಟಿನ ಹಾಗೆ ದಪ್ಪ ಮಾಡಿದೆ. ಮಾಡಿ ಯಾರಿಗೂ ತೋರಿಸಲಿಲ್ಲ. ಕೇಳಿದವರಿಗೆಲ್ಲ, ಇನ್ನೂ ಹಸಿ, ಮುಟ್ಟಬೇಡಿ ಎಂದೆ. ಬಿಸಿಲು ಗಿರಣಿಯ ಹಿಂದಕ್ಕೆ ಹೋಯಿತು. ಹೊರಗೆ ಚಟ್ಟ ಸಿದ್ಧವಾಗಿತ್ತು. ಪುಟ್ಟಿ ಕಲ್ಲಾಗಿದೆ ಎಂದು ಉಗುರಿನಲ್ಲಿ ಒತ್ತಿ ನೋಡಿಕೊಂಡು, ಗೊಂಬೆಯನ್ನೂ ಭೂತಗನ್ನಡಿಯನ್ನೂ ಕೆಂಪನಂಜಮ್ಮನ ಕೈಗೆ ಕೊಟ್ಟೆ.

ಅವರು ನೋಡಿದರು. "ಇದೇನೇ ಇದು? ಸರಿ ಮಾಡು."

"ಗಟ್ಟಿಯಾಗೋಗದೆ ಅಮ್ಮ. ಬ್ಯಾರೆ ತಲೆ ಮಾಡ್ಬೇಕು ಅಂದ್ರೆ ನಾಳೆ ತನಕ ಹೆಣ ಮಡೀಕಳಿ. ಇಲ್ಲ ಹಂಗೇ ಎತ್ತಿ."

ಬೇಸಿಗೆಯಲ್ಲಿ ನಾಳೆಯವರೆಗೆ ಇಟ್ಟುಕೊಳ್ಳಲಾಗದು ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಅಂಗಳದ ತುಂಬ ಜನ ಕಾಯುತ್ತಿದ್ದರು. ಕೆಂಪನಂಜಮ್ಮ ತಲೆಯಾಡಿಸಿದರು, ಆಡಿಸುವಾಗ ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕು. ಮರಿಸ್ವಾಮಿ ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದ. ಆ ಮನೆಯಲ್ಲಿ ಮೂರನೆಯವಳು ಮಗು ಹಂಸ. ಅವಳನ್ನು ತಾಯಿಯ ಹತ್ತಿರ ಕೂರಿಸಿ, ಗೊಂಬೆ ತೋರಿಸಿ, "ಅಮ್ಮ ಹಿಂಗೇ ಅವ್ಳಾ ಕಂದಾ?" ಎಂದೆ. ಅವಳು ತಾಯಿಯ ಕಿವಿಯನ್ನು ನೋಡಿದಳು, ಗೊಂಬೆಯ ಕಿವಿಯನ್ನು ನೋಡಿದಳು, ಕತ್ತು ಬೀಳುವಷ್ಟು ಜೋರಾಗಿ ತಲೆಯಾಡಿಸಿದಳು. ಗೆದ್ದೆ ಎಂದುಕೊಂಡೆ. ಹೌದು, ತಂಗಿಯ ಹೆಣದ ಮುಂದೆ ಕೂತು ಹಾಗೆಯೇ ಅಂದುಕೊಂಡೆ.

ಗಂಡಸರು ವನಜಳನ್ನು ಎತ್ತಿಕೊಂಡು ಹೋದರು. ನಾನು ಹಿತ್ತಲಿನಲ್ಲಿ ಸೂಜಿ ತೊಳೆಯುತ್ತಾ, ಈಗ ಅಳಬಹುದು ಎಂದು ಅಳುತ್ತಾ ಕೂತಿದ್ದೆ. ಅಳುತ್ತಿರುವಾಗಲೇ ಅವಳ ಮುಖ ಹೋಯಿತು. ನೋವಾಗುವುದಿಲ್ಲ. ಮಾತಿನ ನಡುವೆ ಯಾರದೋ ಹೆಸರು ನಾಲಿಗೆಯಿಂದ ಜಾರಿದ ಹಾಗೆ, ಅಷ್ಟೇ. ಚಿಕ್ಕಂದಿನಿಂದ ನಾನೇ ತಲೆ ಬಾಚಿದವಳು, ನಾನೇ ಕಾಡಿಗೆ ಹಚ್ಚಿದವಳು, ಅವಳ ಮುಖ ಹೇಗಿತ್ತೆಂದು ನೋಡಲು ಒಳಗೆ ಓಡಿಹೋಗಿ ಗೊಂಬೆಯನ್ನು ಎತ್ತಿಕೊಂಡೆ. ಹರಿದ ಕಿವಿಯ ಒಬ್ಬಳು ಹೆಂಗಸು ನನ್ನ ಅಂಗೈಯಲ್ಲಿ ನಿಂತಿದ್ದಳು.

ಮರಿಸ್ವಾಮಿ ಮಣ್ಣು ಮಾಡಿ ಬಂದ, ಸ್ನಾನ ಮಾಡಿ ಗೂಡಿನ ಮುಂದೆ ನಿಂತ. ಬಹಳ ಹೊತ್ತು ನೋಡಿದ. ಆಮೇಲೆ ನೆರೆದವರಿಗೆಲ್ಲ ಕೇಳುವ ಹಾಗೆ, "ಪಾಪ, ತಂಗಿ ಹೋದ ದುಃಖದಾಗೆ ಅಕ್ಕಂಗೆ ಕೈ ಜಾರದೆ. ಇರ್ಲಿ ಬುಡಿ, ಏನೂ ಅನ್ಬೇಡಿ" ಎಂದ. ಕೋಪದಿಂದ ಹೇಳಿದ್ದರೆ ನಾನು ತಿರುಗಿ ನಾಲ್ಕು ಮಾತನಾಡುತ್ತಿದ್ದೆ. ಅವನು ಕನಿಕರದಿಂದ ಹೇಳಿದ. ನಿಜವಾಗಿ ಮರೆತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಮುಖ ಮರೆಯಬಹುದು, ತನ್ನ ಕೈ ಮಾಡಿದ್ದನ್ನು ಮನುಷ್ಯ ಮರೆಯುತ್ತಾನೆಯೇ? ಮರೆತಿದ್ದರೆ, ಅಂಥ ಗಂಡಸರಿಗೆ ನಮ್ಮ ಊರಿಗಿಂತ ಒಳ್ಳೆಯ ಊರು ಬೇರೆ ಇಲ್ಲ.

ಊರು ಅವನ ಮಾತನ್ನೇ ನಂಬಿತು. ಯಾಕೆ ನಂಬಬಾರದು? ತಲೆತಲಾಂತರದಿಂದ ಯಾವ ಗೂಡಿನಲ್ಲೂ ಒಂದು ಊನ ಕಾಣದ ಜನ. ಗೊಂಬೆಯಲ್ಲಿ ಊನ ಕಂಡರೆ ಅದು ಮಾಡಿದವಳ ತಪ್ಪೇ ಹೊರತು ಸತ್ತವಳ ಗಾಯ ಎಂದು ಯಾರಿಗೂ ಹೊಳೆಯಲೇ ಇಲ್ಲ. ನಾನೇ ಬಾಯಿಬಿಟ್ಟು ಬೀದಿಯಲ್ಲಿ ಹೇಳಿದೆ: ಅವಳ ಕಿವಿ ಹರಿದಿತ್ತು, ಓಲೆ ಹಿಡಿದು ಎಳೆದಿದ್ದಾನೆ. "ನಿಂಗೆ ನೆಪ್ಪದಾ ಇಂದ್ರಾಣಿ? ಕಣ್ಣ ಮುಂದೆ ಬತ್ತದಾ?" ಎಂದು ಕೇಳಿದರು. ಬರುವುದಿಲ್ಲ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರಲ್ಲ, ನಮ್ಮ ಊರಿನಲ್ಲಿ ಬೇಕು. ಕನ್ನಡಿಯನ್ನೂ ಒರೆಸಿಟ್ಟಿರುತ್ತಾರೆ. ಬರಬರುತ್ತಾ ಕನಿಕರ ಹೋಗಿ, ಹೊಟ್ಟೆಕಿಚ್ಚಿಗೆ ಬೇಕೆಂದೇ ಮಾಡಿದಳು ಎಂದಾಯಿತು. ಒಳ್ಳೆಯ ಮನೆ ತಂಗಿಗೆ ಸಿಕ್ಕಿತು, ತನಗೆ ಸಿಗಲಿಲ್ಲ ಎಂಬ ಹೊಟ್ಟೆಕಿಚ್ಚಂತೆ. ನನಗೆ ಬೇರೆ ಯಾರೂ ಪೈಪೋಟಿ ಇಲ್ಲದ್ದರಿಂದ ಕೆಲಸಕ್ಕೆ ಕರೆಯುವುದನ್ನು ಬಿಡಲಿಲ್ಲ. ಆದರೆ ಎಲ್ಲರೂ ಮೊದಲು ಕಿವಿ ನೋಡುತ್ತಿದ್ದರು. "ಕೈ ಜಾರಿಸ್ಬೇಡವ್ವ" ಎಂದು ನಗುತ್ತಿದ್ದರು.

ಮರಿಸ್ವಾಮಿ ಇನ್ನೊಂದು ಮದುವೆಯಾದ. ಬಂದವಳು ಕಿವಿಗೆ ಏನೂ ಹಾಕುವುದಿಲ್ಲ, ನವೆಯಾಗುತ್ತದಂತೆ. ಆ ಮನೆಯ ಹೊಸ್ತಿಲು ನನಗೆ ಮುಚ್ಚಿತು. ವನಜಳ ಗೊಂಬೆಯನ್ನು ಮತ್ತೆ ನಾನು ನೋಡಲಿಲ್ಲ. ಒಂದೊಂದು ಸಲ ಊಟದ ಮುಂದೆ ಕೂತಾಗ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದೆ. ಗೊಂಬೆ ಮಾಡುವ ಹೊತ್ತಿನಲ್ಲಿ ನನಗೆ ಮರಿಸ್ವಾಮಿಯ ಮೇಲೆ ಇದ್ದ ಕೋಪ ನೆನಪಿದೆ, ಎದೆ ಸುಡುವಷ್ಟು ಕೋಪ. ಕೋಪ ನೆನಪಿದೆ, ಕಿವಿ ನೆನಪಿಲ್ಲ. ಹಾಗಾದರೆ ಸೂಜಿ ಹಿಡಿದದ್ದು ಕಣ್ಣೋ ಕೋಪವೋ? ಊರಿನವರು ಕೇಳಿದಾಗ ಸಿಡುಕಿ ಓಡಿಸಬಹುದು. ನಾನೇ ಕೇಳಿಕೊಂಡರೆ ಎಲ್ಲಿಗೆ ಓಡಿಸಲಿ?

ಹಂಸ ಬೆಳೆದು ಮದುವೆಯ ವಯಸ್ಸಿಗೆ ಬಂದಳು. ಅವಳು ನನ್ನ ಮನೆಗೆ ಬಂದದ್ದು ಒಂದು ಮಧ್ಯಾಹ್ನ, ಕುಂಕುಮದ ಭರಣಿಯಲ್ಲಿ ಹತ್ತಿ ಸುತ್ತಿ ತಾಯಿಯನ್ನು ಹೊತ್ತುಕೊಂಡು. ದೂರದಿಂದ ಬೀದಿಯಲ್ಲಿ ನೋಡಿದ್ದೆನೇ ಹೊರತು ಹತ್ತಿರ ಕೂರಿಸಿಕೊಂಡು ಮಾತಾಡಿದ್ದಿಲ್ಲ. ನೀರು ಕೊಟ್ಟೆ. ಒಂದೇ ಗುಟುಕಿಗೆ ಕುಡಿದಳು.

"ದೊಡ್ಡಮ್ಮ, ಇದನ್ನ ಸರಿ ಮಾಡ್ಕೊಡಿ. ಗಂಡಿನ ಕಡೆಯವ್ರು ಬಂದಿದ್ರು. ಗೂಡು ನೋಡಿ, ಹುಡುಗಿ ತಾಯಿ ಕಿವಿ ಯಾಕ್ ಹಿಂಗೆ ಅಂತ ಕೇಳಿದ್ರು. ಅಪ್ಪ, ಮಾಡಿದೋರ ಕೈ ಜಾರಿದ್ದು ಅಂದ್ರು. ಹಂಗಾದ್ರೆ ಸರಿ ಮಾಡ್ಸಿ ಇಡಿ ಅಂದ್ರು. ಸಾಯಂಕಾಲ ಮತ್ತೆ ಬತ್ತಾರೆ."

"ಅಪ್ಪ ಕಳಿಸಿದ್ನಾ?"

"ಅಪ್ಪಂಗೆ ನಿಮ್ ಹೊಸ್ತಿಲು ಹತ್ತಕ್ಕಾಗಲ್ಲ. ನಾನೇ ಬಂದೆ." ಭರಣಿಯ ಮುಚ್ಚಳ ತಿರುವುತ್ತಾ, "ನಿಜ್ವಾಗ್ಲೂ ಹರ್ದಿತ್ತಾ ದೊಡ್ಡಮ್ಮ?" ಎಂದಳು.

"ನೀನೇ ತಲೆ ಆಡ್ಸಿದ್ದೆ ಮಗಳೆ. ಕೇಳಿದ ತಕ್ಷಣ ಆಡ್ಸಿದವಳು ನೀನೊಬ್ಳೇ."

"ಬೆಲ್ಲ ತೋರ್ಸಿದ್ರೂ ಆಡ್ಸ್ತಿದ್ದೆ ಆಗ" ಎಂದಳು. "ನಿಮಗೆ ನೆನಪಿದ್ಯಾ, ಅದು ಹೇಳಿ."

"ಇಲ್ಲ."

"ಕೋಪ ಇತ್ತಾ ಅವತ್ತು?"

"ಇತ್ತು."

ಅವಳು ಬೈದಿದ್ದರೆ ಚೆನ್ನಾಗಿತ್ತು. ಭರಣಿಯನ್ನು ನನ್ನ ಮುಂದಕ್ಕೆ ತಳ್ಳಿದಳು. ನನ್ನ ಹಟಕ್ಕೆ ಈ ಹುಡುಗಿಯ ಮದುವೆ ತಪ್ಪಿದರೆ, ನಾಳೆ ಅದಕ್ಕೂ ಹೊಟ್ಟೆಕಿಚ್ಚು ಎನ್ನುತ್ತಾರೆ. ಅಷ್ಟೇ ಅಲ್ಲ, ನನಗೆ ಸಾಕಾಗಿತ್ತು. ನನಗೇ ಖಾತ್ರಿಯಿಲ್ಲದ ಸತ್ಯವನ್ನು ಎಷ್ಟು ದಿನವೆಂದು ಒಬ್ಬಳೇ ಹೊರಲಿ? ಪುಟ್ಟಿ ನಾದಿದೆ. ಕಲ್ಲಾದ ಎರಡು ತುದಿಗಳನ್ನೂ ಗಂಟನ್ನೂ ಕೆರೆದು ತೆಗೆದು, ಹಳೆಯ ಸೀಳಿಗೆ ನೀರು ಸವರಿ, ಸಾಸಿವೆಯ ಸಿಪ್ಪೆಯಷ್ಟು ಪುಟ್ಟಿಯನ್ನು ಸೂಜಿಯಲ್ಲಿ ಇಟ್ಟು ಒತ್ತಿದೆ. ಉಳಿದ ಕಿವಿಯ ಮೇಲೂ ಹೊಸ ಪುಟ್ಟಿಯನ್ನು ತೆಳ್ಳಗೆ ಎಳೆದು, ಅತ್ತೆ ಕಲಿಸಿದ ದುಂಡನೆಯ ಹಾಲೆಯನ್ನು ತಂದೆ. ಕಣ್ಣು ಮುಚ್ಚಿಕೊಂಡು ಮಾಡಬಲ್ಲ ಕೆಲಸ. ಮುಗಿಸಿ ಗೊಂಬೆಯನ್ನು ಭೂತಗನ್ನಡಿಯ ಕೆಳಗೆ ಇಟ್ಟು ಅವಳಿಗೆ ಜಾಗ ಬಿಟ್ಟೆ.

ಹಂಸ ಬಗ್ಗಿ ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ, "ಯಾರು ದೊಡ್ಡಮ್ಮ ಇವ್ರು?" ಎಂದಳು.

"ನಿಮ್ಮಮ್ಮ."

"ಅಲ್ಲ. ಇವ್ರು ಸೋಡಾ ಅಂಗಡಿಯವ್ರ ಅಜ್ಜಿ. ಎದುರುಮನೆ ಗೌರತ್ತೆ. ನಮ್ಮನೆ ಗೂಡಲ್ಲಿರೋ ಮುತ್ತಜ್ಜಿನೂ ಹಿಂಗೇ ಅವ್ರೆ. ಎಲ್ಲಾರ ಮನೇಲೂ ಇವ್ರೇ ಇರೋದು." ಅವಳ ದನಿ ಒಡೆಯಿತು. "ದಿನಾ ದೀಪ ಹಚ್ಚುವಾಗ ಆ ಸೀಳನ್ನ ಉಗುರಲ್ಲಿ ಮುಟ್ತಿದ್ದೆ. ಮುಟ್ಟಿದ್ರೆ ಅಮ್ಮ ಅಂತ ಗೊತ್ತಾಗ್ತಿತ್ತು. ಮತ್ತೆ ಮೊದ್ಲಿನ ಥರಾನೇ ಮಾಡಿ."

"ಸೀಳಿದ್ದು ಬೆರಳಿಗೆ ನೆಪ್ಪದೆ, ನೋಡೋಕೆ ಹೆಂಗಿತ್ತು ಅಂತ ನಂಗೆ ಗೊತ್ತಿಲ್ವಲ್ಲೇ. ನೀನು ತಂದದ್ದನ್ನ ಸರಿಯಾಗಿ ನೋಡ್ಲೂ ಇಲ್ಲ, ಮುಚ್ಚಿಬುಟ್ಟೆ."

"ನಂಗೊತ್ತು" ಎಂದವಳೇ ನನ್ನ ಕೈಯಿಂದ ಸೂಜಿ ಕಿತ್ತುಕೊಂಡಳು. ಪುಟ್ಟಿ ಇನ್ನೂ ಹಸಿಯಾಗಿತ್ತು. ಕಲಿಯದ ಕೈ, ಒಂದೇ ಸಲ ಬಲವಾಗಿ ಎಳೆದಳು. ಸೀಳು ಹಾಲೆಯನ್ನು ದಾಟಿ ಕಿವಿಯ ಅರ್ಧದವರೆಗೆ ಹೋಯಿತು. ತುದಿಗಳನ್ನು ಕೂಡಿಸಲು ಹೋದಳು, ಇನ್ನಷ್ಟು ಕಿತ್ತುಬಂತು. "ಜಾಸ್ತಿ ಆಯ್ತು, ಹಿಂಗಿರ್ಲಿಲ್ಲ, ಹಿಂಗಿರ್ಲಿಲ್ಲ" ಎಂದು ಸೂಜಿ ಬಿಸಾಕಿ ಮುಖ ಮುಚ್ಚಿಕೊಂಡಳು. ನಾನು ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತೆ. ಸರಿಮಾಡು ಎಂದು ಅವಳೂ ಹೇಳಲಿಲ್ಲ, ಮಾಡುತ್ತೇನೆ ಎಂದು ನಾನೂ ಹೇಳಲಿಲ್ಲ. ಹಾಗೆ ಕೂತಿರುವಾಗಲೇ ಪುಟ್ಟಿ ಗಟ್ಟಿಯಾಯಿತು.

ಅವಳು ಎದ್ದು ಕಣ್ಣೊರೆಸಿಕೊಂಡು, ತಾಯಿಯನ್ನು ಮತ್ತೆ ಹತ್ತಿಯಲ್ಲಿ ಸುತ್ತಿದಳು. "ಅಪ್ಪಂಗೆ, ಅವ್ರಿಗೆಲ್ಲ ಏನಂತ ಹೇಳ್ಲಿ?"

"ದೊಡ್ಡಮ್ಮನ ಕೈ ಜಾರ್ತು ಅನ್ನು" ಎಂದೆ.

ಅವಳು ಭರಣಿಯನ್ನು ಎದೆಗೊತ್ತಿಕೊಂಡು ಬೀದಿ ತಿರುಗುವವರೆಗೂ ಬಾಗಿಲಲ್ಲಿ ನಿಂತಿದ್ದೆ. ವನಜಳ ಕಿವಿ ಹರಿದದ್ದು ತನ್ನ ಮನೆಯಲ್ಲಲ್ಲ, ಗೊಂಬೆ ಮಾಡುವವಳ ಸೂಜಿಯಲ್ಲಿ ಎಂದು ಮರಿಸ್ವಾಮಿ ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದ. ಅವತ್ತು ಮಧ್ಯಾಹ್ನದಿಂದ ಅದು ನಿಜ.